ಒಂದೇ ಕುರ್ಚಿಯ ಕಸುಬು: ಗೋಲ್‌ಕೀಪರ್ ತಯಾರಾಗುವುದು ಎಲ್ಲಿ, ಹೇಗೆ?

ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಪ್ರತಿ ಋತುವಿನ ಅತ್ಯುತ್ತಮ ಗೋಲ್‌ಕೀಪರ್‌ಗೆ ‘ಗೋಲ್ಡನ್ ಗ್ಲೌವ್’ ಕೊಡುತ್ತಾರೆ. ಮೊದಲೆರಡು ಋತುಗಳಲ್ಲಿ, ಅಂದರೆ 2014 ಮತ್ತು 2015ರಲ್ಲಿ, ಅದು ವಿದೇಶಿಯರ ಪಾಲಾಯಿತು. ಅಲ್ಲಿಂದೀಚೆಗೆ 2024–25ರವರೆಗೆ ಗೆದ್ದವರೆಲ್ಲ ಭಾರತೀಯರೇ: ಅಮರಿಂದರ್ ಸಿಂಗ್, ಸುಬ್ರತ ಪಾಲ್, ಗುರುಪ್ರೀತ್ ಸಿಂಗ್ ಸಂಧು, ಅರಿಂದಮ್ ಭಟ್ಟಾಚಾರ್ಯ, ಪ್ರಭ್‌ಸುಖನ್ ಗಿಲ್, ವಿಶಾಲ್ ಕೈತ್, ಫುರ್ಬಾ ಲಾಚೆನ್ಪಾ. ಮೂವರು ಪಂಜಾಬಿನವರು, ಇಬ್ಬರು ಬಂಗಾಳದವರು, ಹಿಮಾಚಲದವರೊಬ್ಬರು, ಸಿಕ್ಕಿಂನವರೊಬ್ಬರು. ಕರ್ನಾಟಕದವರು ಒಬ್ಬರೂ ಇಲ್ಲ.

ಗುರುಪ್ರೀತ್ ಆ ಪ್ರಶಸ್ತಿಯನ್ನು ಎರಡು ಸಲ ಗೆದ್ದದ್ದು ಬೆಂಗಳೂರು ಎಫ್‌ಸಿ ಅಂಗಿ ತೊಟ್ಟೇ. ಕಂಠೀರವ ಕ್ರೀಡಾಂಗಣದ ಗೋಲು 2017ರಿಂದ ಅವರ ಸುಪರ್ದಿನಲ್ಲಿದೆ. ಇದೇ ಊರಿನ ಹುಡುಗನೊಬ್ಬ 1948ರಲ್ಲಿ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯದಲ್ಲಿ ಗೋಲು ಕಾದಿದ್ದ. ಆ ಪರಂಪರೆ ಎಲ್ಲಿ ಕಡಿಯಿತು, ಅಥವಾ ಅಂಥದೊಂದು ಪರಂಪರೆ ನಿಜಕ್ಕೂ ಇತ್ತೇ?

ಈ ಪ್ರಶ್ನೆಯ ಬೆನ್ನು ಹತ್ತಿದರೆ ಅದಕ್ಕಿಂತ ದೊಡ್ಡದೊಂದು ಪ್ರಶ್ನೆ ಎದುರಾಗುತ್ತದೆ. ಗೋಲ್‌ಕೀಪರ್‌ನ ವೃತ್ತಿಯನ್ನು ಕಟ್ಟುವುದು ಯಾವುದು? ಮೈಕಟ್ಟೇ, ವಯಸ್ಸೇ, ಗುಂಡಿಗೆಯೇ, ಚಿಕ್ಕಂದಿನ ಬೇರೆ ಆಟಗಳೇ, ಇಲ್ಲ ಅವನನ್ನು ಸಾಕುವ ಸಂಸ್ಥೆಯೇ? ಒಂದೊಂದು ಉತ್ತರಕ್ಕೂ ಅದರದೇ ಪಂಥವಿದೆ, ಅದರದೇ ಪುರಾವೆಗಳಿವೆ. ಈ ಉತ್ತರಗಳನ್ನು ತೂಗಿ ನೋಡಲು ಬೆಂಗಳೂರಿನ ಮಗ್ಗುಲಲ್ಲೇ ಒಳ್ಳೆಯ ಜಾಗವಿದೆ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ದೊಡ್ಡ ಕ್ಲಬ್ಬಿನ ಮೈದಾನ ಇಲ್ಲಿಂದ ಐವತ್ತು–ಅರವತ್ತು ಕಿಲೋಮೀಟರ್ ದೂರ. ಈ ಊರುಗಳಲ್ಲಿ ಈಗ ಹನ್ನೆರಡು ವರ್ಷದ ಹುಡುಗ ಅಥವಾ ಹುಡುಗಿ ಕೀಪರ್ ಆಗಬೇಕೆಂದರೆ ಯಾವ ಪಂಥದ ಮಾತು ಕೆಲಸಕ್ಕೆ ಬರುತ್ತದೆ?

ನಿಯಮ ಬದಲಾದಂತೆ ಬದಲಾದ ಕೆಲಸ

ಗೋಲ್‌ಕೀಪರ್ ಎಂಬ ಸ್ಥಾನ ಫುಟ್‌ಬಾಲ್ ನಿಯಮಾವಳಿಗೆ ಬಂದದ್ದು 1871ರಲ್ಲಿ. 1912ರವರೆಗೂ ಅವನು ತನ್ನ ಅರ್ಧದ ಅಂಗಳದಲ್ಲಿ ಎಲ್ಲಿ ಬೇಕಾದರೂ ಚೆಂಡನ್ನು ಕೈಯಲ್ಲಿ ಹಿಡಿಯಬಹುದಿತ್ತು. ಆ ವರ್ಷದಿಂದ ಕೈಯ ಹಕ್ಕು ಪೆನಾಲ್ಟಿ ಆವರಣಕ್ಕೆ ಸೀಮಿತವಾಯಿತು. ಬೇರೆ ಬಣ್ಣದ ಅಂಗಿ ಕಡ್ಡಾಯವಾದದ್ದು 1909ರಲ್ಲಿ. ಪೆನಾಲ್ಟಿ ಒದೆತ 1891ರಲ್ಲಿ ಜಾರಿಗೆ ಬಂತು. ಅದನ್ನು ಸೂಚಿಸಿದ ವಿಲಿಯಂ ಮೆಕ್ರಮ್ ಐರ್ಲೆಂಡಿನ ಮಿಲ್ಫರ್ಡ್ ಎಂಬ ಹಳ್ಳಿಯವನು, ಸ್ವತಃ ಕೀಪರ್. ಮುಂದಿನ ಎಲ್ಲ ಕೀಪರ್‌ಗಳ ಎದೆ ನಡುಗಿಸುವ ಶಿಕ್ಷೆಯನ್ನು ಕಂಡುಹಿಡಿದವನು ಅವರದೇ ಜಾತಿಯವನು!

ಎಲ್ಲಕ್ಕಿಂತ ದೊಡ್ಡ ಬದಲಾವಣೆ 1992ರದು. 1990ರ ಇಟಲಿ ವಿಶ್ವಕಪ್‌ನಲ್ಲಿ ಮುಂದಿರುವ ತಂಡ ಚೆಂಡನ್ನು ಹಿಂದಕ್ಕೆ ಒದೆಯುವುದು, ಕೀಪರ್ ಅದನ್ನು ಎತ್ತಿಕೊಂಡು ಹೊತ್ತು ಕಳೆಯುವುದು ನೋಡುಗರ ತಾಳ್ಮೆ ಕೆಡಿಸಿತ್ತು. ಎರಡು ವರ್ಷದ ಬಳಿಕ ಬ್ಯಾಕ್‌ಪಾಸ್ ನಿಯಮ ಬಂತು: ಸಹ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಕೀಪರ್ ಕೈಯಿಂದ ಮುಟ್ಟುವಂತಿಲ್ಲ. ಒಂದೇ ಏಟಿಗೆ ಆ ತಲೆಮಾರಿನ ಕೀಪರ್‌ಗಳೆಲ್ಲ ಕಾಲಿನ ಆಟವನ್ನು ಹೊಸದಾಗಿ ಕಲಿಯಬೇಕಾಯಿತು. 2025–26ರಿಂದ ಇನ್ನೊಂದು ಬಿಗಿ ಬಂದಿದೆ: ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡನ್ನು ಕೈಯಲ್ಲಿಟ್ಟುಕೊಂಡರೆ ಎದುರಾಳಿಗೆ ಕಾರ್ನರ್ ಕಿಕ್.

ಇಷ್ಟೆಲ್ಲ ಬದಲಾದರೂ ಒಂದು ಮಾತ್ರ ಹಾಗೇ ಉಳಿದಿದೆ. ತಂಡದಲ್ಲಿ ಮೂವರು ಕೀಪರ್‌ಗಳಿದ್ದರೂ ಆಡುವವನು ಒಬ್ಬನೇ. ಮಿಡ್‌ಫೀಲ್ಡರ್ ಗಾಯಗೊಂಡರೆ ನಾಲ್ಕು ಬಗೆಯ ಏರ್ಪಾಡು ಸಾಧ್ಯ. ಎರಡನೆಯ ಕೀಪರ್‌ಗೆ ಮೊದಲನೆಯವನು ಜಾಗ ಬಿಟ್ಟರಷ್ಟೇ ಅವಕಾಶ. ಈ ವೃತ್ತಿಯ ಕುರಿತ ಎಲ್ಲ ವಾದಗಳೂ ಕೊನೆಗೆ ಈ ಒಂದೇ ಕುರ್ಚಿಯ ಲೆಕ್ಕಕ್ಕೇ ಬಂದು ನಿಲ್ಲುತ್ತವೆ.

ರೆಜಿಮೆಂಟು, ಕಾರ್ಖಾನೆ, ಕ್ಲಬ್ಬು

ಬೆಂಗಳೂರಿನ ಫುಟ್‌ಬಾಲ್ ದಂಡು ಪ್ರದೇಶದಲ್ಲಿ ಹುಟ್ಟಿ ಬೆಳೆದದ್ದು. ಬ್ರಿಟಿಷ್ ರೆಜಿಮೆಂಟ್ ತಂಡಗಳ ಯಜಮಾನಿಕೆಯ ಕಾಲದಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಸತತವಾಗಿ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ಮೈಸೂರು ರಾಜ್ಯ ತಂಡ 1946–47, 1952–53, 1967–68, 1968–69ರಲ್ಲಿ ಸಂತೋಷ್ ಟ್ರೋಫಿ ಎತ್ತಿತು.

1948ರ ಜುಲೈ 31ರಂದು ಲಂಡನ್ ಬಳಿಯ ಇಲ್‌ಫರ್ಡ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ ಒಲಿಂಪಿಕ್ಸ್ ಪಂದ್ಯ ಆಡಿತು. ನಮ್ಮ ಬಹುತೇಕ ಆಟಗಾರರ ಕಾಲಲ್ಲಿ ಬೂಟು ಇರಲಿಲ್ಲ. ಗೋಲಿನಲ್ಲಿದ್ದವರು ಬೆಂಗಳೂರಿನ ಕೆ. ವಿ. ವರದರಾಜ್, ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಕೂಡ ಇದೇ ಊರಿನವರು. ತಂಡದ ಇನ್ನೊಬ್ಬ ಕೀಪರ್ ಸಂಜೀವ ಉಚ್ಚಿಲ್ ಕರಾವಳಿಯವರು. ಎರಡು ಪೆನಾಲ್ಟಿ ಕೈಬಿಟ್ಟ ಭಾರತ ಕೊನೆಯ ಗಳಿಗೆಯಲ್ಲಿ ಗೋಲು ಬಿಟ್ಟುಕೊಟ್ಟು 1–2ರಿಂದ ಸೋತಿತು. ದೇಶದ ಒಲಿಂಪಿಕ್ ತಂಡದ ಇಬ್ಬರು ಕೀಪರ್‌ಗಳೂ ಈಗಿನ ಕರ್ನಾಟಕದ ನೆಲದವರೇ ಆಗಿದ್ದ ಕಾಲ ಅದು.

ಆಗ ಕೀಪರ್‌ನನ್ನು ಸಾಕುತ್ತಿದ್ದದ್ದು ಯಾರು? ಉತ್ತರ ಪೀಟರ್ ತಂಗರಾಜ್ ಅವರ ಬದುಕಿನಲ್ಲಿ ಸಿಗುತ್ತದೆ. ಹೈದರಾಬಾದಿನ ಈ ಎತ್ತರದ ಆಳು ಸೇನೆ ಸೇರಿ ನೀಲಗಿರಿಯ ವೆಲಿಂಗ್ಟನ್‌ನ ಮದ್ರಾಸ್ ರೆಜಿಮೆಂಟಲ್ ಸೆಂಟರ್‌ಗೆ ಬಂದಾಗ ಸೆಂಟರ್ ಫಾರ್ವರ್ಡ್. ಗೋಲಿಗೆ ನಿಲ್ಲಿಸಿದ್ದು ಆಮೇಲೆ. 1955 ಮತ್ತು 1958ರಲ್ಲಿ ಆ ತಂಡ ಡ್ಯುರಾಂಡ್ ಕಪ್ ಗೆದ್ದಿತು. 1956ರ ಮೆಲ್ಬರ್ನ್ ಮತ್ತು 1960ರ ರೋಮ್ ಒಲಿಂಪಿಕ್ಸ್ ಎರಡರಲ್ಲೂ ತಂಗರಾಜ್ ಇದ್ದರು. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಮಣಿಸಿ ಚಿನ್ನ ಗೆದ್ದ ಫೈನಲ್‌ನಲ್ಲೂ ಗೋಲು ಕಾದರು. ಕೋಲ್ಕತ್ತದ ಮೂರು ದೊಡ್ಡ ಕ್ಲಬ್ಬುಗಳಿಗೂ ಆಡಿದರು. ಆದರೆ ಅವರೊಳಗಿನ ಕೀಪರ್‌ನನ್ನು ಹೊರತೆಗೆದದ್ದು ರೆಜಿಮೆಂಟು: ಊಟ, ವಸತಿ, ದಿನವೂ ಮೈದಾನ, ವರ್ಷವಿಡೀ ಪಂದ್ಯ.

ಸೇನೆಯ ಬಳಿಕ ಆ ಕೆಲಸವನ್ನು ಕಾರ್ಖಾನೆಗಳು ವಹಿಸಿಕೊಂಡವು. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್, ಬಿಇಎಂಎಲ್ ತಂಡಗಳು ಲೀಗ್‌ನ ಬೆನ್ನೆಲುಬಾದವು. 1977ರಲ್ಲಿ ನಡೆದ ಮೊತ್ತಮೊದಲ ಫೆಡರೇಷನ್ ಕಪ್‌ನ ಫೈನಲ್‌ನಲ್ಲಿ ಮೋಹನ್ ಬಾಗನ್‌ನಂಥ ಮೋಹನ್ ಬಾಗನ್ ಅನ್ನೇ ಸೋಲಿಸಿದ್ದು ಐಟಿಐ. ಆಟಗಾರನಿಗೆ ಕ್ರೀಡಾ ಕೋಟಾದಲ್ಲಿ ಕಾಯಂ ನೌಕರಿ, ಮಧ್ಯಾಹ್ನದ ನಂತರ ಅಭ್ಯಾಸ, ಆಟ ಮುಗಿದ ಮೇಲೂ ನಿವೃತ್ತಿಯವರೆಗೆ ಸಂಬಳ. ಬೆಂಚಿನ ಮೇಲೆ ಕೂತ ಎರಡನೆಯ ಕೀಪರ್‌ಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇರೆ ಇರಲಿಲ್ಲ. ಅವನು ಆಡದಿದ್ದರೂ ತಿಂಗಳ ಕೊನೆಗೆ ಮನೆ ನಡೆಯುತ್ತಿತ್ತು.

2007ರಲ್ಲಿ ಐ–ಲೀಗ್, 2014ರಲ್ಲಿ ಐಎಸ್‌ಎಲ್ ಬಂದಂತೆ ಈ ಲೋಕ ಕರಗಿತು. 2011–12ರವರೆಗೆ ಐ–ಲೀಗ್‌ನಲ್ಲಿದ್ದ ಎಚ್‌ಎಎಲ್ ಕೆಳಗಿಳಿಯಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ ಐ–ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು, 2018–19ರಲ್ಲಿ ಐಎಸ್‌ಎಲ್ ಕಿರೀಟ ಧರಿಸಿತು. ಕೀಪರ್‌ನ ಕೈಗೆ ಒಪ್ಪಂದದ ಹಣ ಬಂತು. ಕಾಯಂ ನೌಕರಿ ಹೋಯಿತು.

ಮೊದಲ ಪಂಥ: ಎತ್ತರವೇ ಬಂಡವಾಳ

ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಇಷ್ಟು ಜಾಗವನ್ನು ಒಂದು ಮೈ ಮುಚ್ಚಬೇಕೆಂದರೆ ಆ ಮೈ ದೊಡ್ಡದಿರಬೇಕು ಎಂಬುದು ಸರಳ ತರ್ಕ. ಗುರುಪ್ರೀತ್ ಆರು ಅಡಿ ನಾಲ್ಕು ಅಂಗುಲಕ್ಕೂ ಎತ್ತರ. ಮೂಲೆಯಿಂದ ತೇಲಿ ಬರುವ ಚೆಂಡಿಗೆ ಹತ್ತು ಜನರ ನಡುವೆ ಕೈ ಎತ್ತುವಾಗ ಒಂದೊಂದು ಅಂಗುಲವೂ ಲೆಕ್ಕಕ್ಕೆ ಬರುತ್ತದೆ. ಯುರೋಪಿನ ಅಕಾಡೆಮಿಗಳು ಹುಡುಗನ ಜತೆಗೆ ಅವನ ಅಪ್ಪ–ಅಮ್ಮನ ಎತ್ತರವನ್ನೂ ಗಮನಿಸುವುದು ಇದಕ್ಕೇ.

ಪಂಜಾಬಿನಿಂದ ಇಷ್ಟೊಂದು ಕೀಪರ್‌ಗಳು ಏಕೆ ಬರುತ್ತಾರೆ ಎಂಬುದಕ್ಕೆ ಈ ವಾದ ಥಟ್ಟನೆ ಉತ್ತರ ಕೊಟ್ಟಂತೆ ಕಾಣುತ್ತದೆ. ಆದರೆ ಹಿಮಾಚಲ, ಸಿಕ್ಕಿಂ, ಮಣಿಪುರ ಬಂದಾಗ ಅದೇ ವಾದ ತಡವರಿಸುತ್ತದೆ. ಮೆಕ್ಸಿಕೊದ ಹೋರ್ಹೆ ಕಾಂಪೋಸ್ ಐದೂವರೆ ಅಡಿಯ ಆಸುಪಾಸಿನವನು. 1994 ಮತ್ತು 1998ರ ವಿಶ್ವಕಪ್‌ಗಳಲ್ಲಿ ತನ್ನ ದೇಶದ ಗೋಲು ಕಾದ. ಗೋಲಿನ ಗೆರೆ ಬಿಟ್ಟು ಮುಂದೆ ಬಂದು ಕೋನ ಕಿರಿದಾಗಿಸುವ ಜಾಣ್ಮೆ, ಚಿಮ್ಮುವ ಕಾಲು, ಚುರುಕು ಹೆಜ್ಜೆ ಎತ್ತರದ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಬಲ್ಲವು.

ಹಳ್ಳಿ–ಪಟ್ಟಣಗಳಲ್ಲಿ ಈ ಪಂಥದ ತೊಡಕು ಬೇರೆ. ಹನ್ನೆರಡನೆಯ ವಯಸ್ಸಿಗೆ ಎತ್ತರ ನೋಡಿ ಆರಿಸಿದರೆ ಬೇಗ ಬೆಳೆದವನು ಸಿಗುತ್ತಾನೆ. ತಡವಾಗಿ ಬೆಳೆಯುವವನು ಅಷ್ಟರಲ್ಲಿ ಬ್ಯಾಟು ಹಿಡಿದಿರುತ್ತಾನೆ.

ಎರಡನೆಯ ಪಂಥ: ವಯಸ್ಸು ಮಾಗಿಸುತ್ತದೆ

ಸ್ಟ್ರೈಕರ್ ಮೂವತ್ತೆರಡಕ್ಕೆ ಇಳಿಮುಖನಾದರೆ ಕೀಪರ್ ಆಗ ಮಾಗುತ್ತಾನೆ ಎನ್ನುವವರ ಬತ್ತಳಿಕೆಯಲ್ಲಿ ಉದಾಹರಣೆಗಳು ತುಂಬಿವೆ. ಇಟಲಿಯ ಡಿನೊ ಜೋಫ್ ನಾಯಕನಾಗಿ 1982ರ ವಿಶ್ವಕಪ್ ಎತ್ತಿದಾಗ ನಲವತ್ತರ ಪ್ರಾಯ. ಈಜಿಪ್ಟಿನ ಎಸ್ಸಾಮ್ ಎಲ್ ಹದರಿ 2018ರ ವಿಶ್ವಕಪ್‌ನಲ್ಲಿ ನಲವತ್ತೈದನೇ ವಯಸ್ಸಿಗೆ ಕಣಕ್ಕಿಳಿದು ಪೆನಾಲ್ಟಿಯನ್ನೂ ತಡೆದ. ಇಟಲಿಯ ಬುಫೊನ್ ಕೈಗವಸು ಕಳಚಿದ್ದು 2023ರಲ್ಲಿ, ನಲವತ್ತೈದಕ್ಕೆ.

ಈ ಪಂಥದ ವಿವರಣೆ ಹೀಗೆ: ಕೀಪರ್ ಓಡುವುದು ಕಡಿಮೆ, ಓದುವುದು ಹೆಚ್ಚು. ಎದುರಾಳಿಯ ಸೊಂಟದ ತಿರುವು, ಊರುವ ಕಾಲಿನ ಕೋನ, ತನ್ನದೇ ಡಿಫೆಂಡರ್ ಮಾಡುವ ತಪ್ಪು, ಇವುಗಳನ್ನು ನೂರಾರು ಪಂದ್ಯ ನೋಡಿ ಅರಗಿಸಿಕೊಳ್ಳಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ.

ಆದರೆ ಆ ವರ್ಷಗಳನ್ನು ಎಲ್ಲಿ ಕಳೆಯುವುದು? 2010ರಲ್ಲಿ ಆರ್ಸೆನಲ್ ಸೇರಿದ ಅರ್ಜೆಂಟೀನಾದ ಎಮಿಲಿಯಾನೊ ಮಾರ್ಟಿನೆಜ್ ಹತ್ತು ವರ್ಷ ಬೆಂಚು ಮತ್ತು ಎರವಲು ತಂಡಗಳ ನಡುವೆ ಅಲೆದ. 2020ರಲ್ಲಿ ಮೊದಲ ಕೀಪರ್‌ಗೆ ಗಾಯವಾಗಿ ಅವಕಾಶ ತೆರೆಯಿತು. ಅದೇ ವರ್ಷ ಆಸ್ಟನ್ ವಿಲ್ಲಾ ಅವನನ್ನು ಕೊಂಡಿತು. 2022ರಲ್ಲಿ ವಿಶ್ವಕಪ್ ಮತ್ತು ಅದರ ಅತ್ಯುತ್ತಮ ಕೀಪರ್ ಪ್ರಶಸ್ತಿ ಎರಡೂ ಬಂದವು. ಗುರುಪ್ರೀತ್ 2014ರಲ್ಲಿ ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿ ಮೊದಲ ಲೀಗ್ ಪಂದ್ಯ ಆಡಿದ್ದು 2016ರಲ್ಲಿ. ಅದೇ ವರ್ಷ ಯುರೋಪಾ ಲೀಗ್ ಅರ್ಹತಾ ಪಂದ್ಯದಲ್ಲೂ ಆಡಿ, ಆ ಟೂರ್ನಿಯಲ್ಲಿ ಕಣಕ್ಕಿಳಿದ ಮೊದಲ ಭಾರತೀಯರೆನಿಸಿದರು. ಬೆಂಗಳೂರಿಗೆ ಬಂದು 2019ರಲ್ಲಿ ದೋಹಾದಲ್ಲಿ ಏಷ್ಯಾ ಚಾಂಪಿಯನ್ ಕತಾರ್ ಎದುರು ಒಂದೂ ಗೋಲು ಬಿಟ್ಟುಕೊಡದೆ ನಿಂತಾಗ ವಯಸ್ಸು ಇಪ್ಪತ್ತೇಳು.

ಕಾದು ಗೆದ್ದವರ ಕಥೆಗಳು ಹೀಗೆ ಆಕರ್ಷಕ. ಕಾದು ಮರೆಯಾದವರ ಕಥೆ ಯಾರೂ ಬರೆಯುವುದಿಲ್ಲವಾದ್ದರಿಂದ ಈ ಪಂಥದ ಪುರಾವೆ ಯಾವಾಗಲೂ ಒಂದು ಕಡೆಗೆ ವಾಲಿರುತ್ತದೆ.

ಮೂರನೆಯ ಪಂಥ: ಗುಂಡಿಗೆಯ ಲೆಕ್ಕ

2023ರ ಜುಲೈ 4ರಂದು ಕಂಠೀರವದಲ್ಲಿ ಭಾರತ–ಕುವೈತ್ ನಡುವೆ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್) ಚಾಂಪಿಯನ್‌ಷಿಪ್ ಫೈನಲ್. 1–1ರ ಸಮಬಲ, ಪೆನಾಲ್ಟಿ ಶೂಟೌಟ್, ಐದೈದು ಒದೆತ ಮುಗಿದರೂ ತೀರ್ಮಾನವಿಲ್ಲ. ಕುವೈತ್ ನಾಯಕ ಖಾಲಿದ್ ಹಾಜಿಯಾ ಒದ್ದ ಚೆಂಡನ್ನು ಗುರುಪ್ರೀತ್ ತಡೆದರು. 5–4ರಿಂದ ಕಪ್ ಭಾರತದ್ದಾಯಿತು. ಲೆಬನಾನ್ ವಿರುದ್ಧದ ಸೆಮಿಫೈನಲ್ ಕೂಡ ಶೂಟೌಟ್‌ನಲ್ಲೇ ಇತ್ಯರ್ಥವಾಗಿತ್ತು. ಇಂಥ ರಾತ್ರಿಗಳನ್ನು ನೋಡಿದವರು ಕೀಪರ್ ಎಂದರೆ ಮನೋಬಲ ಎನ್ನುತ್ತಾರೆ.

ಸಂಶೋಧಕರು ಇಲ್ಲಿ ಎರಡು ಬಣಗಳಾಗಿದ್ದಾರೆ. ಇಸ್ರೇಲಿನ ಮೈಕೆಲ್ ಬಾರ್–ಎಲಿ ಮತ್ತು ಸಂಗಡಿಗರು 2007ರಲ್ಲಿ 286 ಪೆನಾಲ್ಟಿಗಳನ್ನು ವಿಶ್ಲೇಷಿಸಿ ಪ್ರಕಟಿಸಿದರು. ಒದೆತಗಳಲ್ಲಿ ಶೇ 29ರಷ್ಟು ಗೋಲಿನ ನಡುಭಾಗಕ್ಕೆ ಬಂದಿದ್ದವು. ಕೀಪರ್ ನಡುವೆಯೇ ನಿಂತದ್ದು ಶೇ 6ರಷ್ಟು ಸಲ ಮಾತ್ರ. ಸುಮ್ಮನೆ ನಿಂತು ಗೋಲು ಬಿಟ್ಟರೆ ಜನ ಬೈಯುತ್ತಾರೆ, ಹಾರಿ ಬಿಟ್ಟರೆ ‘ಪ್ರಯತ್ನಪಟ್ಟ’ ಎನ್ನುತ್ತಾರೆ; ಹಾಗಾಗಿ ಕೀಪರ್ ಲಾಭವಿಲ್ಲದಿದ್ದರೂ ಹಾರುತ್ತಾನೆ ಎಂಬುದು ಅವರ ತೀರ್ಮಾನ. ಅದಕ್ಕೆ ನಾಲ್ಕು ವರ್ಷ ಮೊದಲೇ ಸ್ಪೇನಿನ ಅರ್ಥಶಾಸ್ತ್ರಜ್ಞ ಇಗ್ನಾಸಿಯೊ ಪಲಾಸಿಯೊಸ್–ವೆರ್ತಾ 1,417 ಪೆನಾಲ್ಟಿಗಳನ್ನು ಪರಿಶೀಲಿಸಿ ಬೇರೆಯದೇ ಹೇಳಿದ್ದರು: ಒದೆಯುವವನೂ ತಡೆಯುವವನೂ ತಮ್ಮ ಬದಿಗಳನ್ನು ಗಣಿತದ ಆಟ ಸಿದ್ಧಾಂತ ಹೇಳುವಷ್ಟೇ ಜಾಣತನದಿಂದ ಬೆರೆಸುತ್ತಾರೆ. ಒಬ್ಬರ ಪ್ರಕಾರ ಕೀಪರ್ ಜನರ ಬಾಯಿಗೆ ಹೆದರುವವನು, ಇನ್ನೊಬ್ಬರ ಪ್ರಕಾರ ಪಕ್ಕಾ ಲೆಕ್ಕಾಚಾರದವನು.

ಎರಡರಿಂದಲೂ ವೃತ್ತಿಯ ಬಗ್ಗೆ ತಿಳಿಯುವುದು ಕಡಿಮೆಯೇ. ಪೆನಾಲ್ಟಿ ಎಂಬುದು ಕೀಪರ್ ಬದುಕಿನ ಸಣ್ಣ ತುಣುಕು. ಅವನನ್ನು ತಂಡದಲ್ಲಿ ಉಳಿಸುವುದು ವಾರವಾರದ ಸಾಮಾನ್ಯ ಕೆಲಸ.

ನಾಲ್ಕನೆಯ ಪಂಥ: ಬೇರೆ ಆಟಗಳ ಕೊಡುಗೆ

1963ರಲ್ಲಿ ಬ್ಯಾಲನ್ ಡಿ’ಓರ್ ಗೆದ್ದ, ಇಂದಿಗೂ ಆ ಗೌರವ ಪಡೆದ ಏಕೈಕ ಕೀಪರ್ ಆಗಿರುವ ಸೋವಿಯತ್‌ನ ಲೆವ್ ಯಾಶಿನ್ ಐಸ್ ಹಾಕಿಯಲ್ಲೂ ಗೋಲು ಕಾದವನು. ಅಮೆರಿಕದ ಟಿಮ್ ಹೋವರ್ಡ್ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಬೆಳೆದವನು. ತಂಗರಾಜ್ ಮುಂಪಡೆಯಿಂದ ಹಿಂದಕ್ಕೆ ಬಂದವರು. ಅಮರಿಂದರ್ ಸಿಂಗ್ ಕೂಡ ಸ್ಟ್ರೈಕರ್ ಆಗಿ ಶುರುಮಾಡಿ ಕೋಚ್ ಮಾತಿಗೆ ಗೋಲಿಗೆ ನಿಂತವರು. ಬೇಗನೆ ಒಂದೇ ಜಾಗಕ್ಕೆ ಕಟ್ಟಿಹಾಕಬೇಡಿ, ಕೈ–ಕಣ್ಣು–ಕಾಲುಗಳಿಗೆ ಹಲವು ಆಟಗಳ ರುಚಿ ಸಿಗಲಿ ಎನ್ನುತ್ತದೆ ಈ ಪಂಥ.

ಬ್ಯಾಕ್‌ಪಾಸ್ ನಿಯಮ ಈ ವಾದಕ್ಕೆ ಹೊಸ ಬಲ ಕೊಟ್ಟಿತು. 2014ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ವಿರುದ್ಧ ಜರ್ಮನಿಯ ಮ್ಯಾನುಯೆಲ್ ನೋಯರ್ ಆವರಣ ಬಿಟ್ಟು ಮುಂದೆ ನುಗ್ಗಿ ಮತ್ತೆಮತ್ತೆ ಚೆಂಡು ತೆರವು ಮಾಡಿದ್ದನ್ನು ನೋಡಿದ ಮೇಲೆ, ಕಾಲಿನಲ್ಲಿ ಆಡಬಲ್ಲ ಕೀಪರ್‌ಗೆ ಬೇಡಿಕೆ ಏರಿತು. 2018ರಲ್ಲಿ ಲಿವರ್‌ಪೂಲ್ ಆಲಿಸನ್‌ಗೆ, ಕೆಲವೇ ವಾರಗಳಲ್ಲಿ ಚೆಲ್ಸಿ ಕೆಪಾಗೆ ಕೀಪರ್‌ಗಳ ಮಟ್ಟಿಗೆ ವಿಶ್ವದಾಖಲೆಯ ಬೆಲೆ ತೆತ್ತವು. ಕೆಪಾ ಬೆಲೆ 8 ಕೋಟಿ ಯುರೊ.

ಎದುರು ವಾದವೂ ಇದೆ. ಬೀಳುವ ಕ್ರಮ, ಚೆಂಡು ಹಿಡಿಯುವಾಗ ಬೆರಳಿಡುವ ರೀತಿ, ಭುಜ ಮೊದಲು ನೆಲ ಮುಟ್ಟಿಸುವುದು, ಇವು ಚಿಕ್ಕಂದಿನಲ್ಲೇ ಮೈಗೆ ಹತ್ತಬೇಕು, ಹದಿನಾರಕ್ಕೆ ಶುರುಮಾಡಿದರೆ ತಪ್ಪು ರೂಢಿ ಬಿಡಿಸುವುದರಲ್ಲೇ ಕಾಲ ಹೋಗುತ್ತದೆ ಎನ್ನುವ ಕೋಚ್‌ಗಳು ಕಡಿಮೆಯಿಲ್ಲ. ಎಂಟನೇ ವಯಸ್ಸಿಗೇ ಚಂಡೀಗಢದ ಸೇಂಟ್ ಸ್ಟೀಫನ್ಸ್ ಅಕಾಡೆಮಿ ಸೇರಿದ ಗುರುಪ್ರೀತ್ ಅವರನ್ನು ಇವರು ಉದಾಹರಿಸುತ್ತಾರೆ.

ಐದನೆಯ ಪಂಥ: ಪಂದ್ಯ ಕೊಡುವವರು ಯಾರು?

ಕೊನೆಯ ಪಂಥ ಆಟಗಾರನನ್ನು ಬಿಟ್ಟು ವ್ಯವಸ್ಥೆಯನ್ನು ನೋಡುತ್ತದೆ. 2014ರಲ್ಲಿ ಕೇರಳ ಬ್ಲಾಸ್ಟರ್ಸ್ ಇಂಗ್ಲೆಂಡಿನ ಡೇವಿಡ್ ಜೇಮ್ಸ್ ಅವರನ್ನು ಕೀಪರ್ ಮತ್ತು ಮ್ಯಾನೇಜರ್ ಎರಡೂ ಆಗಿ ಕರೆತಂದಿತ್ತು. ಆಗ ಕಣದಲ್ಲಿ ಆರು ವಿದೇಶಿಯರಿಗೆ ಅವಕಾಶವಿತ್ತು. 2017–18ರಿಂದ ಅದು ಐದಕ್ಕೆ, 2021–22ರಿಂದ ನಾಲ್ಕಕ್ಕೆ ಇಳಿಯಿತು. ಕ್ಲಬ್ಬುಗಳು ವಿದೇಶಿ ಜಾಗಗಳನ್ನು ಗೋಲು ಹೊಡೆಯುವವರಿಗೆ ಮೀಸಲಿಟ್ಟವು. ಗೋಲು ಕಾಯುವ ಜಾಗ ಭಾರತೀಯರಿಗೆ ಉಳಿಯಿತು. ಭಾರತೀಯ ಕೀಪರ್‌ಗಳ ಮಟ್ಟ ಏರಿದ್ದು ಇದೇ ಅವಧಿಯಲ್ಲಿ. ಪ್ರತಿಭೆಗಿಂತ ಪಂದ್ಯದ ನಿಮಿಷಗಳು ಮುಖ್ಯ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಅದೇ ಮಾಪಕದಲ್ಲಿ ಕರ್ನಾಟಕವನ್ನು ಅಳೆದರೆ ಚಿತ್ರ ವಿಚಿತ್ರ. 2017ರ 17 ವರ್ಷದೊಳಗಿನವರ ವಿಶ್ವಕಪ್‌ಗೆ ಭಾರತ ಆರಿಸಿದ ಮೂವರು ಕೀಪರ್‌ಗಳು ಮಣಿಪುರದ ಧೀರಜ್ ಸಿಂಗ್, ಪಂಜಾಬಿನ ಗಿಲ್, ಕೆನಡಾದಲ್ಲಿ ಹುಟ್ಟಿದ ಸನ್ನಿ ಧಾಲಿವಾಲ್. ಬೆಂಗಳೂರಿನ ಸಂಜೀವ್ ಸ್ಟಾಲಿನ್ ಮತ್ತು ಹೆನ್ರಿ ಆಂಟೊನಿ ಅದೇ ತಂಡದಲ್ಲಿದ್ದರು, ಆದರೆ ಮೈದಾನದ ಆಟಗಾರರಾಗಿ. ಬೆಂಗಳೂರಿನ ಗೌತಮಪುರದ ಗಲ್ಲಿಯಲ್ಲಿ ಪೆಲೆ ಪ್ರತಿಮೆ ನಿಲ್ಲಿಸುವಷ್ಟು ಫುಟ್‌ಬಾಲ್ ಹುಚ್ಚಿರುವ, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ತಂದ ರಾಜ್ಯಕ್ಕೆ ಆಟಗಾರರ ಬರ ಇಲ್ಲ. ದೊಡ್ಡ ಕ್ಲಬ್ಬು ಕೀಪರ್‌ನನ್ನು ಸಿದ್ಧವಾಗಿ ಕೊಂಡುಕೊಳ್ಳುತ್ತದೆ. ಬೆಳೆಸುವ ಹೊಣೆ ಅದರ ಎರಡನೆಯ ತಂಡಕ್ಕೆ, ನಗರದ ಸೂಪರ್ ಡಿವಿಷನ್‌ಗೆ ಬೀಳುತ್ತದೆ. ಅಲ್ಲಿಗೆ ತಲುಪುವುದು ಹೇಗೆ ಎಂಬುದೇ ಮುಂದಿನ ಪ್ರಶ್ನೆ.

ನಾಲ್ಕು ತಾಲ್ಲೂಕುಗಳ ಪರೀಕ್ಷೆ

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಸಚಿವ ಸಂಪುಟದ ತೀರ್ಮಾನದಂತೆ ‘ಬೆಂಗಳೂರು ದಕ್ಷಿಣ’ವಾದ ಈ ಸೀಮೆ ಹೆಸರಿನಲ್ಲಿ ನಗರಕ್ಕೆ ಹತ್ತಿರ ಬಂದಿದೆ. ಸಂಜೆ ಅಭ್ಯಾಸ ಮುಗಿಸಿ ಮನೆಗೆ ಮರಳಬೇಕಾದ ಹುಡುಗನಿಗೆ ಆ ಹತ್ತಿರ ಊರಿಂದೂರಿಗೆ ಬದಲಾಗುತ್ತದೆ. ಮೈಸೂರು ರೈಲು ಮಾರ್ಗ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಮುಟ್ಟುತ್ತದೆ. ಮಾಗಡಿಗೂ ಕನಕಪುರಕ್ಕೂ ರೈಲೇ ಇಲ್ಲ. ಮೆಟ್ರೊ ಕನಕಪುರ ರಸ್ತೆಯಲ್ಲಿ ರೇಷ್ಮೆ ಸಂಸ್ಥೆಯವರೆಗೆ, ಮೈಸೂರು ರಸ್ತೆಯಲ್ಲಿ ಚಲ್ಲಘಟ್ಟದವರೆಗೆ ಬಂದು ನಿಂತಿದೆ. ಅಲ್ಲಿಂದಾಚೆ ಬಸ್ಸು.

ಎತ್ತರದ ಪಂಥ ಈ ಊರುಗಳಲ್ಲಿ ಹೇಳುವುದು ಹೆಚ್ಚೇನಿಲ್ಲ. ಉದ್ದನೆಯ ಹುಡುಗರು ಇಲ್ಲಿನ ವಾಲಿಬಾಲ್ ಅಂಕಣಗಳಲ್ಲಿ ಬೇಕಾದಷ್ಟಿದ್ದಾರೆ. ಬೇರೆ ಆಟಗಳ ಪಂಥಕ್ಕಂತೂ ಇದು ಹೇಳಿ ಮಾಡಿಸಿದ ನೆಲ. ಕಬಡ್ಡಿಯಲ್ಲಿ ನೆಲಕ್ಕೆ ಹೆದರದೆ ಬೀಳುವುದು, ಕೊಕ್ಕೊದಲ್ಲಿ ಕ್ಷಣಾರ್ಧದಲ್ಲಿ ದಿಕ್ಕು ಬದಲಿಸುವುದು, ವಾಲಿಬಾಲ್‌ನಲ್ಲಿ ಚೆಂಡಿನ ಇಳಿಜಾರು ಅಂದಾಜಿಸಿ ಎಗರುವುದು, ಟೆನಿಸ್‌ಬಾಲ್ ಕ್ರಿಕೆಟ್‌ನಲ್ಲಿ ಹಾರಿ ಕ್ಯಾಚ್ ಹಿಡಿಯುವುದು ಹಳ್ಳಿ ಶಾಲೆಯ ಮಕ್ಕಳಿಗೆ ಹೊಸತಲ್ಲ. ಕೀಪರ್‌ಗೆ ಬೇಕಾದ ಬಿಡಿಭಾಗಗಳೆಲ್ಲ ಇವೆ, ಜೋಡಿಸುವವರು ಬೇಕು.

ಜೋಡಣೆಯ ಕಷ್ಟ ನೆಲದಿಂದಲೇ ಶುರು. ಗಟ್ಟಿ ಕೆಮ್ಮಣ್ಣಿನ ಮೈದಾನದಲ್ಲಿ ದಿನಕ್ಕೆ ಐವತ್ತು ಸಲ ಡೈವ್ ಹೊಡೆದರೆ ಮೊಣಕೈ, ಸೊಂಟದ ಚರ್ಮ ಉಳಿಯುವುದಿಲ್ಲ. ಒಳ್ಳೆಯ ಗ್ಲೌಸಿನ ಅಂಗೈಯ ಲ್ಯಾಟೆಕ್ಸ್ ಹುಲ್ಲಿಗೆ ತಕ್ಕುದು; ಮಣ್ಣಿನಲ್ಲಿ ಬೇಗ ಸವೆಯುತ್ತದೆ, ಹೊಸ ಜೋಡಿಗೆ ಮತ್ತೆ ದುಡ್ಡು. ಕನಕಪುರ ರಸ್ತೆಯುದ್ದಕ್ಕೂ ಎದ್ದಿರುವ ವಸತಿ ಶಾಲೆಗಳಲ್ಲಿ ಹುಲ್ಲಿನ ಅಂಗಳಗಳಿವೆ, ಆದರೆ ಅವು ಅಲ್ಲಿ ಶುಲ್ಕ ಕಟ್ಟಿ ಓದುವ ಮಕ್ಕಳಿಗೆ. ದೈಹಿಕ ಶಿಕ್ಷಕರು ಹನ್ನೊಂದು ಮಂದಿಗೂ ಒಟ್ಟಿಗೆ ಕಲಿಸಬಲ್ಲರು. ಕೀಪರ್ ಒಬ್ಬನಿಗಾಗಿ ಪ್ರತ್ಯೇಕ ಕೋಚ್ ಇಡುವುದು ದೊಡ್ಡ ಅಕಾಡೆಮಿಗಳಿಗಷ್ಟೇ ಎಟುಕುವ ಮಾತು.

ಹಳೆಯ ದಾರಿಗಳೂ ಇಲ್ಲಿ ಪೂರ್ತಿ ತೆರೆಯಲಿಲ್ಲ. ಬಿಡದಿಯ ಕೈಗಾರಿಕಾ ಪ್ರದೇಶ ಬೆಳೆಯುವ ಹೊತ್ತಿಗೆ ಬೆಂಗಳೂರಿನ ಕಾರ್ಖಾನೆ ತಂಡಗಳ ಕಾಲವೇ ಇಳಿಮುಖವಾಗಿತ್ತು. ಚನ್ನಪಟ್ಟಣದ ಪೊಲೀಸ್ ತರಬೇತಿ ಶಾಲೆ ನೆನಪಿಸುವಂತೆ ಈ ಭಾಗದ ಯುವಕರಿಗೆ ಆಟದಿಂದ ಸಿಗಬಹುದಾದ ಭದ್ರ ಬದುಕು ಎಂದರೆ ಇಂದಿಗೂ ಇಲಾಖೆಯ ನೌಕರಿ. ಅದಕ್ಕೆ ಕಬಡ್ಡಿ, ಅಥ್ಲೆಟಿಕ್ಸ್ ಹೆಚ್ಚು ಪರಿಚಿತ ದಾರಿ.

ಮೈಗೆ ಬೀಳುವ ಏಟು, ಕೈಗೆ ಬರುವ ಕಾಸು

ವೃತ್ತಿಯ ಲೆಕ್ಕದಲ್ಲಿ ಅಪಾಯವನ್ನೂ ಸೇರಿಸಬೇಕು. 1956ರ ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಬರ್ಟ್ ಟ್ರಾಟ್‌ಮನ್ ಕುತ್ತಿಗೆಯ ಮೂಳೆ ಮುರಿದಿದ್ದರೂ ಆಟ ಮುಗಿಸಿದ. 2006ರಲ್ಲಿ ತಲೆಬುರುಡೆ ಬಿರುಕುಬಿಟ್ಟ ಚೆಲ್ಸಿಯ ಪೀಟರ್ ಚೆಕ್ ನಿವೃತ್ತಿಯವರೆಗೂ ತಲೆಗವಸು ತೊಟ್ಟು ಆಡಿದ. ಏಟು ಕೀಪರ್‌ಗೇ ಬೀಳಬೇಕೆಂದಿಲ್ಲ. 2004ರ ಡಿಸೆಂಬರ್ 5ರಂದು ಬೆಂಗಳೂರಿನಲ್ಲಿ ನಡೆದ ಫೆಡರೇಷನ್ ಕಪ್ ಫೈನಲ್‌ನಲ್ಲಿ ಡೆಂಪೊ ತಂಡದ ಬ್ರೆಜಿಲ್ ಸ್ಟ್ರೈಕರ್ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೆಯ ಗೋಲು ಹೊಡೆಯುವಾಗ ಮೋಹನ್ ಬಾಗನ್ ಕೀಪರ್ ಸುಬ್ರತ ಪಾಲ್‌ಗೆ ಡಿಕ್ಕಿಯಾಗಿ ಕುಸಿದು ಅಸುನೀಗಿದರು. ಸುಬ್ರತ ಆಗ ಹದಿಹರೆಯದ ಹುಡುಗ. ಆ ನೆರಳಿನಿಂದ ಹೊರಬಂದು 2011ರ ಏಷ್ಯಾ ಕಪ್‌ನಲ್ಲಿ ದಕ್ಷಿಣ ಕೊರಿಯಾ ಎದುರು ಗೋಡೆಯಂತೆ ನಿಂತು, 2023ರವರೆಗೆ ವೃತ್ತಿಯಲ್ಲಿ ಉಳಿದರು.

ಆಟದ ನಂತರದ ಬದುಕು ಹಲವು ದಿಕ್ಕಿನದು. ತಂಗರಾಜ್ ತರಬೇತುದಾರರಾದರು, 2008ರಲ್ಲಿ ಬೊಕಾರೊದಲ್ಲಿ ತೀರಿಕೊಂಡರು. ಮಾಜಿ ಕೀಪರ್ ಕಲ್ಯಾಣ್ ಚೌಬೆ 2022ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಅಧ್ಯಕ್ಷರಾದರು. 2015ರಲ್ಲಿ ಇಂಗ್ಲೆಂಡಿನ ವೆಸ್ಟ್ ಹ್ಯಾಮ್ ಮಹಿಳಾ ತಂಡ ಸೇರಿದ ಅದಿತಿ ಚೌಹಾಣ್ ಓದಿಗಾಗಿ ಅಲ್ಲಿಗೆ ಹೋದವರು; ಮುಂದೆ ಹುಡುಗಿಯರಿಗಾಗಿ ತಮ್ಮದೇ ಅಕಾಡೆಮಿ ಕಟ್ಟಿದರು. ಆಟ ನಿಂತರೂ ಓದು ಅಥವಾ ನೌಕರಿ ಕೈ ಹಿಡಿಯಬೇಕೆಂಬ ಎಚ್ಚರ ಹುಡುಗಿಯರ ವಿಷಯದಲ್ಲಿ ಇನ್ನೂ ಹೆಚ್ಚು, ಏಕೆಂದರೆ ಅವರ ಲೀಗ್‌ನ ಋತು ಚಿಕ್ಕದು, ಸಂಬಳ ಕಡಿಮೆ.

ದೊಡ್ಡ ಕ್ಲಬ್ಬಿನ ಒಪ್ಪಂದವೂ ಗಟ್ಟಿಯಲ್ಲವೆಂದು 2025 ತೋರಿಸಿತು. ಲೀಗ್ ನಡೆಸುವ ಹಕ್ಕುಗಳ ಒಪ್ಪಂದ ನವೀಕರಣವಾಗದೆ ಐಎಸ್‌ಎಲ್ ಋತು ಹೊತ್ತಿಗೆ ಸರಿಯಾಗಿ ಶುರುವಾಗಲಿಲ್ಲ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಐಟಿಐ ಕಾಲದ ಎರಡನೆಯ ಕೀಪರ್‌ಗೆ ಇಂಥ ಆತಂಕ ಇರಲಿಲ್ಲ.

ತೀರ್ಮಾನವಾಗದೆ ಉಳಿದವು

ಐದೂ ಪಂಥಗಳು ಒಂದೊಂದು ಘಟ್ಟವನ್ನು ಚೆನ್ನಾಗಿ ವಿವರಿಸುತ್ತವೆ. ಎತ್ತರ ಆಯ್ಕೆಯನ್ನು, ಬೇರೆ ಆಟಗಳು ಆರಂಭವನ್ನು, ಮನೋಬಲ ದೊಡ್ಡ ರಾತ್ರಿಯನ್ನು, ವಯಸ್ಸು ದೀರ್ಘ ಬಾಳಿಕೆಯನ್ನು. ಆದರೆ ಒಂದು ರಾಜ್ಯ ಅಥವಾ ಜಿಲ್ಲೆಯ ಹೆಸರು ಪಟ್ಟಿಯಲ್ಲಿ ಏಕಿದೆ, ಏಕಿಲ್ಲ ಎಂಬುದಕ್ಕೆ ಹೆಚ್ಚು ಹತ್ತಿರದ ಉತ್ತರ ಐದನೆಯದರಲ್ಲೇ ಸಿಗುತ್ತದೆ. ಮೈಸೂರು ರಾಜ್ಯದ ಕಾಲದಿಂದ ಇಂದಿನವರೆಗೆ ಬದಲಾದದ್ದು ಪಂದ್ಯ ಮತ್ತು ಅನ್ನ ಎರಡನ್ನೂ ಒಟ್ಟಿಗೆ ಕೊಡುವ ಸಂಸ್ಥೆ.

ಆ ಪಂಥವೂ ಎಲ್ಲಕ್ಕೆ ಉತ್ತರಿಸುವುದಿಲ್ಲ. ಕಾರ್ಖಾನೆ ತಂಡಗಳು ಜೋರಾಗಿದ್ದ ದಶಕಗಳಲ್ಲೂ ಭಾರತ ತಂಡದ ಗೋಲು ಬಹುಪಾಲು ಬಂಗಾಳ, ಗೋವಾದವರ ಕೈಯಲ್ಲಿತ್ತು. ಭಾಸ್ಕರ್ ಗಂಗೂಲಿ, ಬ್ರಹ್ಮಾನಂದ ಸಂಖವಾಲ್ಕರ್ ಅವರಂಥವರು ಬಂದದ್ದು ಅಲ್ಲಿಂದ. ಅಂದಮೇಲೆ ಕರ್ನಾಟಕದ ಕೊರತೆಗೆ ಕ್ಲಬ್ಬುಗಳ ಕಾಲವನ್ನು ಮಾತ್ರ ದೂರುವುದು ಎಷ್ಟು ಸರಿ? ಮಕ್ಕಳನ್ನು ಗೋಲಿಗೆ ಯಾವ ವಯಸ್ಸಿನಲ್ಲಿ ನಿಲ್ಲಿಸಬೇಕು ಎಂಬುದರಲ್ಲಿ ಕೋಚ್‌ಗಳಿಗೆ ಒಮ್ಮತವಿಲ್ಲ. ವಿದೇಶಿ ಆಟಗಾರರ ಮಿತಿಯಿಂದ ಕೀಪರ್‌ಗಳಿಗೆ ಸಿಕ್ಕ ರಕ್ಷಣೆ ಅವರನ್ನು ಬೆಳೆಸಿತೇ, ಕಠಿಣ ಪೈಪೋಟಿಯಿಂದ ದೂರವಿಟ್ಟಿತೇ ಎಂಬ ಚರ್ಚೆಯೂ ಮುಗಿದಿಲ್ಲ.

ಇನ್ನು ನಾಲ್ಕು ತಾಲ್ಲೂಕುಗಳದು. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ನೆಲೆಯೂರಿದ್ದು ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ, ಜೆಎಸ್‌ಡಬ್ಲ್ಯು ಕಟ್ಟಿದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ. ಮಾಗಡಿಯ ಹುಡುಗ ಅಷ್ಟು ದೂರದ ವಸತಿ ಅಕಾಡೆಮಿಗೆ ಹೋಗಬೇಕೇ, ಬಸ್ಸು ಹಿಡಿದು ನಗರದ ಕ್ಲಬ್ಬಿಗೆ ದಿನವೂ ಬರಬೇಕೇ, ಇಲ್ಲ ತಾಲ್ಲೂಕಿನಲ್ಲೇ ವರ್ಷಕ್ಕೆ ಇಪ್ಪತ್ತು–ಮೂವತ್ತು ಪಂದ್ಯ ಸಿಗುವ ಲೀಗ್ ಕಟ್ಟಬೇಕೇ? ಮೂರನೆಯದಾದರೆ ಅದರ ಖರ್ಚು ಕ್ಲಬ್ಬಿನದೋ, ರಾಜ್ಯ ಸಂಸ್ಥೆಯದೋ, ಸರ್ಕಾರದ್ದೋ? ಈ ಪ್ರಶ್ನೆಗೆ ಯಾರೂ ಇನ್ನೂ ಹೊಣೆ ಹೊತ್ತಿಲ್ಲ.